ಮುತ್ತಜ್ಜನ ಕಾಗದ

ಹಲಸೂರಲ್ಲಿ ಟೀ ಕುಡೀತಾ ಇದ್ದಾಗ ಹೊಳೆದದ್ದು. ಅಮೆರಿಕದ ಗೆಳೆಯನೊಬ್ಬ ತನ್ನ ಹೆಂಡತಿಯ ಮುತ್ತಜ್ಜ ಪೌರತ್ವಕ್ಕೆ ಹಾಕಿದ ಅರ್ಜಿ ಹುಡುಕಿ ಕಳಿಸಿದ್ದಾನೆ. ಬಂದ ಹಡಗು, ಹುಟ್ಟಿದೂರು, ಸಾಕ್ಷಿಗಳ ಸಹಿ ಎಲ್ಲಾ ಇದೆ!

ನಮ್ಮ ಮುತ್ತಜ್ಜ ಆರ್ಕಾಟಿನ ಕಡೆಯಿಂದ ಪಲ್ಟನ್ ಹಿಂದೆ ಬೆಂಗಳೂರಿನ ದಂಡಿಗೆ, ಅಂದ್ರೆ ಕಂಟೋನ್ಮೆಂಟಿಗೆ, ಬಂದವರು. ಯಾರೂ ಕಾಗದ ಕೇಳಲಿಲ್ಲ. ಮಜಾ ಅಂದ್ರೆ, 1881ರಿಂದ 1947ರ ಜುಲೈವರೆಗೆ ದಂಡು ಬ್ರಿಟಿಷರ ಆಡಳಿತದಲ್ಲಿ, ಹಳೇ ಊರಾದ ಪೇಟೆ ಮೈಸೂರು ಸಂಸ್ಥಾನದ್ದು. ಈಗಿನ ಶಿವಾಜಿನಗರದಿಂದ ಚಿಕ್ಕಪೇಟೆಗೆ ಸೀರೆ ತರೋಕೆ ಹೋದ್ರೂ ಸರ್ಕಾರವೇ ಬದಲಾಗ್ತಿತ್ತು! ಅರ್ಜಿಯೂ ಇಲ್ಲ, ಪ್ರಮಾಣವಚನವೂ ಇಲ್ಲ.

ನಮಗೆ ಉಳಿದಿರೋದು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರು, ಗೋರಿಕಲ್ಲು, ಮಡಿಕೆಯಲ್ಲಿ ಹರಿದ ಒಂದು ಕಂದಾಯದ ರಸೀದಿ. ಅದರಲ್ಲೂ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ.

ದಂಡಿನ ಹಳೇ ಮನೆಯವರೇ, ನಿಮ್ಮ ಟ್ರಂಕಲ್ಲಿ ಏನಿದೆ? ಕೆಳಗೆ ಬರೀರಿ.