ಸರಿಯದೆ ನಿಂತ ಕೋಣೆ

ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಗೋಡೆಗಳು ಮೂರು ತಲೆಮಾರುಗಳಿಂದ ಇದ್ದಲ್ಲಿಯೇ ಇವೆ. ಗೋಡೆಯೂ ನಡೆಯಬಲ್ಲುದೆಂಬುದನ್ನು ನಾವು ಕಂಡದ್ದು 2023ರ ಜೂನ್ ತಿಂಗಳಿನಲ್ಲಿ, ಅಮೆರಿಕೆಯ ವಾಯೋಮಿಂಗ್ ರಾಜ್ಯದಲ್ಲಿ. ಡೆನ್ವರ್ ನಗರದಲ್ಲಿರುವ ಅಳಿಯಂದಿರು ನಮಗೆ ಯೆಲ್ಲೋಸ್ಟೋನ್ ತೋರಿಸಬೇಕೆಂದು ಮನೆಯಂತಹ ಮೋಟಾರು ವಾಹನವೊಂದನ್ನು ಬಾಡಿಗೆಗೆ ತಂದಿದ್ದರು. ಬಾಲ್ಯದಲ್ಲಿ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗಿಬಂದ ನಮಗೆ ಬಂಡಿಯಲ್ಲಿಯೇ ಬುತ್ತಿ, ಬಂಡಿಯಲ್ಲಿಯೇ ನಿದ್ರೆ ಎಂಬುದು ಹೊಸತೇನಲ್ಲ. ಹೊಸತಾದುದು ಅದರ ಸರಿಯುವ ಕೋಣೆ.

ಆ ದೇಶದ ಹೆದ್ದಾರಿಗಳಲ್ಲಿ ಇಂತಹ ವಾಹನದ ಅಗಲ ಸುಮಾರು 8.5 ಅಡಿಯನ್ನು ಮೀರುವಂತಿಲ್ಲ. ಆದುದರಿಂದ ವಾಹನ ನಿಂತ ಮೇಲೆ ಗುಂಡಿಯನ್ನು ಒತ್ತಿದರೆ ಒಂದು ಪಕ್ಕದ ಗೋಡೆ ಮಂಚಸಮೇತ ಎರಡು ಮೂರು ಅಡಿ ಹೊರಕ್ಕೆ ಸರಿದು ಕೋಣೆ ವಿಶಾಲವಾಗುತ್ತದೆ, ಹೊರಡುವಾಗ ಒಳಸೇರುತ್ತದೆ. ನಾವು ಕಂಡ ವಾಹನದಲ್ಲಿ ಈ ಕೆಲಸಕ್ಕೆ 12 ವೋಲ್ಟಿನ ಒಂದು ಮೋಟಾರು, ಗೇರ್ ಬಾಕ್ಸು, ಅಡ್ಡ ಶಾಫ್ಟು, ಅದರ ತುದಿಗಳಲ್ಲಿ ಹಲ್ಲುಚಕ್ರ, ಅವು ಉರುಳುವ ಹಲ್ಲುಪಟ್ಟಿ, ಇಷ್ಟೇ ಇದ್ದವು.

ಮೂರನೆಯ ದಿನ ಮುಂಜಾನೆ ಹೊರಡುವ ಹೊತ್ತಿಗೆ ಗುಂಡಿಯನ್ನು ನಾವೇ ಒತ್ತಿದೆವು. ಕೋಣೆ ಅರ್ಧಕ್ಕೆ ನಿಂತಿತು. ಮತ್ತೆ ಒತ್ತಿದೆವು, ಮತ್ತೂ ಒತ್ತಿದೆವು. ಕೆಳಗೆಲ್ಲಿಯೋ 'ಟಕ್' ಎಂದಿತು. ಬಗ್ಗಿ ನೋಡಲು, ರಾತ್ರಿ ಮೂಲೆಯಲ್ಲಿರಿಸಿದ್ದ ನಮ್ಮ ಪುಸ್ತಕದ ತಗಡಿನ ಪೆಟ್ಟಿಗೆ ಕೋಣೆಯ ಅಂಚಿಗೆ ಸಿಕ್ಕು ನೆಗ್ಗಿತ್ತು. ಸದ್ದಿಲ್ಲದೆ ಅದನ್ನು ಎಳೆದು ಮಂಚದಡಿಗೆ ತಳ್ಳಿದೆವು. ಅಳಿಯಂದಿರು ಬಂದು ಕೇಳಿದಾಗ, "ತಾನಾಗಿಯೇ ನಿಂತಿತು" ಎಂದೆವು.

ಅವರು ಅದನ್ನು ನಂಬಿದರು. ಬ್ಯಾಟರಿ ಸೊರಗಿರಬಹುದು, ಸೊರಗಿದ ಬ್ಯಾಟರಿಯ ಮೇಲೆ ಒತ್ತುತ್ತ ಹೋದರೆ ಮೋಟಾರು ಸುಟ್ಟೀತು ಎಂದು ಯಾರಿಗೂ ಗುಂಡಿಯನ್ನು ಮುಟ್ಟಗೊಡದೆ ಇಂಜಿನ್ ಓಡಿಸಿಟ್ಟರು. ಫ್ಯೂಸು ನೋಡಿದರು, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಕಿಲುಬನ್ನು ಉಜ್ಜಿದರು, ಚಳಿಯಲ್ಲಿ ನೆಲಕ್ಕೆ ಅಂಗಾತ ಮಲಗಿ ತಂತಿಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಮಠದ ಪಾಠಶಾಲೆಯಲ್ಲಿ ಬೆಳೆದು, ಆಯುಷ್ಯವೆಲ್ಲ ವಚನಗಳಿಗೆ ಅರ್ಥ ಹೇಳಿದ ನಮ್ಮ ನಾಲಿಗೆ ಆ ಒಂದು ತಾಸು ಹೊರಳಲಿಲ್ಲ.

ಕೊನೆಗೆ ಗುಂಡಿಯನ್ನು ಒತ್ತಿಸಿ ಕೆಳಗಿನಿಂದಲೇ ಕೂಗಿದರು: "ಮಾವಾರ, ಮೋಟಾರ ತಿರಗಾಕತ್ತೈತಿ, ಕೋಣಿ ಅಳ್ಳಾಡವಲ್ಲದು. ಕರೆಂಟಿಂದಲ್ಲ ಇದು. ನಡುವ ಏನೋ ಮುರಿದೈತಿ. ಏನರ ಅಡ್ಡ ಇತ್ತೇನ್ರಿ?"

ಪೆಟ್ಟಿಗೆಯನ್ನು ತಂದು ಅವರ ಮುಂದಿರಿಸಿದೆವು. ಮಗಳು ನಮ್ಮ ಮುಖ ನೋಡಿ ಒಳಗೆ ಹೋದಳು.

ಮುರಿದಿದ್ದುದು ಗೇರ್ ಬಾಕ್ಸನ್ನೂ ಶಾಫ್ಟನ್ನೂ ಕೂಡಿಸುವ ಬೆರಳುದ್ದದ ಪಿನ್ನು. ತಂಗುದಾಣದ ಮುದುಕ ಮೇಸ್ತ್ರಿ ಅದೇ ಅಳತೆಯದನ್ನು ತಂದರು. ತಪ್ಪಿತಸ್ಥರ ಉತ್ಸಾಹದಿಂದ ನಾವು ಇನ್ನೂ ಗಟ್ಟಿಯಾದ ಬೋಲ್ಟೊಂದನ್ನು ಆರಿಸಿ ಕೊಡಹೋದೆವು. ಅವರು ತಲೆಯಾಡಿಸಿಬಿಟ್ಟರು. ಏನಾದರೂ ಅಡ್ಡ ಬಂದಾಗ ಮೊದಲು ಮುರಿಯಲೆಂದೇ ಆ ಪಿನ್ನನ್ನು ಬಡವಾಗಿ ಮಾಡಿರುತ್ತಾರಂತೆ; ಅದು ಮುರಿಯದಿದ್ದರೆ ಹಲ್ಲುಚಕ್ರಗಳು ಹೋಗುತ್ತವೆ. ನಮ್ಮ ಕಡೆಯ ರೈತರ ಟ್ರಾಕ್ಟರಿನ ರೋಟಾವೇಟರಿಗೂ ಇಂತಹುದೇ ಬೋಲ್ಟಿರುವುದು ಆಗ ನೆನಪಾಯಿತು. ಕೋಣೆಯ ಎರಡೂ ತುದಿಗಳು ಸಮನಾಗಿವೆಯೇ ಎಂದು ಅಳೆದು, ಓರೆಯಾಗಿದ್ದ ತುದಿಯನ್ನು ನೂಕಿ ಸರಿಪಡಿಸಿ, ಆಮೇಲೆಯೇ ಪಿನ್ನು ತೊಡಿಸಿದರು.

ಈ ಸಲ ಗುಂಡಿಯನ್ನು ಮಗಳು ಒತ್ತಿದಳು. ಗೋಡೆ ನಿಧಾನವಾಗಿ ಒಳಬಂದು ಸೇರಿತು. ಅಳಿಯಂದಿರು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ, ಏನೂ ಅನ್ನದೆ, ನೆಗ್ಗಿದ ಪೆಟ್ಟಿಗೆಯನ್ನೆತ್ತಿ ನಮ್ಮ ತೊಡೆಯ ಮೇಲಿಟ್ಟರು. ಯೆಲ್ಲೋಸ್ಟೋನ್ ಮುಟ್ಟುವವರೆಗೂ ಅದು ಅಲ್ಲಿಯೇ ಇದ್ದಿತು.