ನಾಚಿಕೆಯಲ್ಲಿ ಬೆಳೆದ ನೋವು



ಈ ಲೇಖನವನ್ನು ಬರೆಯಬೇಕೋ ಬೇಡವೋ ಎಂಬ ತೊಳಲಾಟದಲ್ಲಿ ಕೆಲವು ವರ್ಷಗಳನ್ನೇ ಕಳೆದಿದ್ದೇನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ಕೆಲವರಿಗಾದರೂ ಅನಿಸಬಹುದು. ಆದರೆ ಮನೆಮಂದಿಯೆದುರು ಹೇಳಲಾಗದೆ ಹೋದುದರಿಂದಲೇ ನಾನು ಹೆಚ್ಚು ನೊಂದೆ. ಆದುದರಿಂದ ನನ್ನ ಹೆಸರನ್ನು ಪ್ರಕಟಿಸಬಾರದೆಂದು ಸಂಪಾದಕರಲ್ಲಿ ಕೇಳಿಕೊಂಡು, ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯ ಶಿಕ್ಷಕಿ. ಎರಡು ಹೆರಿಗೆಗಳ ನಂತರ ಮೈ ಸ್ಥೂಲವಾಗಿತ್ತು. ಸಕ್ಕರೆ ರೋಗದ ಸೂಚನೆಯಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ಎರಡು ವರ್ಷಗಳಲ್ಲಿ 18 ಕಿಲೋ ತೂಕ ಇಳಿಸಿಕೊಂಡೆ. ಆರೋಗ್ಯವೇನೋ ಸುಧಾರಿಸಿತು, ಆದರೆ ಚರ್ಮ ಸಡಿಲಗೊಂಡು ಸ್ತನಗಳು ಬಹಳವಾಗಿ ಜೋತುಬಿದ್ದವು. ಬೇಸಿಗೆಯಲ್ಲಿ ಮಡಿಕೆಯ ಕೆಳಗೆ ಬೆವರು ನಿಂತು ಹುಣ್ಣಾಗುತ್ತಿತ್ತು. ಪತಿಯವರಿಗೆ ಈ ಕಾರಣವನ್ನಷ್ಟೇ ಹೇಳಿದೆ. ಕನ್ನಡಿಯ ಮುಂದೆ ನಿಂತಾಗ ಆಗುತ್ತಿದ್ದ ಸಂಕಟವೂ ಒಂದು ಕಾರಣವೆಂಬುದನ್ನು ಯಾರಿಗೂ ಹೇಳಲಿಲ್ಲ. ಅತ್ತೆಯವರಿಗಂತೂ ಸಣ್ಣದೊಂದು ಗಂಟು ತೆಗೆಸುವುದಿದೆಯೆಂದು ಸುಳ್ಳನ್ನೇ ಹೇಳಿ, 2018ರ ಬೇಸಿಗೆ ರಜೆಯಲ್ಲಿ ದೂರದ ನಗರವೊಂದರಲ್ಲಿ ಸ್ತನಗಳನ್ನು ಮೇಲೆತ್ತುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ.

ಅಂದು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಮುನ್ನ ಮೈಮೇಲೆ ಲೋಹವಿರಬಾರದೆಂದು ದಾದಿ ತಿಳಿಸಿದಳು. ನಾನು ಮರುಮಾತಾಡದೆ ಶಿವದಾರ ಸಹಿತ ಬೆಳ್ಳಿಯ ಕರಡಿಗೆಯನ್ನು ತೆಗೆದು ಪತಿಯವರ ಕೈಗಿತ್ತೆ. ದೀಕ್ಷೆಯಾದಂದಿನಿಂದ ಇಷ್ಟಲಿಂಗ ನನ್ನ ಅಂಗವನ್ನು ಅಗಲಿದ್ದು ಅದೇ ಮೊದಲು.

ಮೊದಲ ತಿಂಗಳುಗಳು ಬಾವಿನಲ್ಲೇ ಕಳೆದವು. ಬಾವು ಇಳಿದ ಮೇಲೆ ನಿಜಸ್ಥಿತಿ ಕಾಣತೊಡಗಿತು. ಎಡಭಾಗ ಬಲಭಾಗಕ್ಕಿಂತ ಕೆಳಗೆ ಜಾರಿತ್ತು. ಬಲಗಡೆ ತೊಟ್ಟಿನ ಸುತ್ತಣ ವರ್ತುಲ ಎಳೆದಂತೆ ಅಗಲವಾಗಿತ್ತು. ಮಡಿಕೆಯ ಗಾಯದ ಗೆರೆಗಳು ಎದೆಯ ನಡುವೆ ಸಮೀಪಿಸುವಲ್ಲಿ ಕೆಂಪಗೆ ದಪ್ಪನಾಗಿ ಉಬ್ಬಿ, ತುರಿಕೆಯಿಂದ ನಿದ್ದೆಗೆಡಿಸುತ್ತಿದ್ದವು. ಕರಡಿಗೆ ಬಂದು ನಿಲ್ಲುವುದು ಸರಿಯಾಗಿ ಅಲ್ಲಿಯೇ. ನಡೆದಾಡಿದರೆ ಅದು ಉಜ್ಜಿ ಉರಿಯುತ್ತಿತ್ತು. ಲಿಂಗವನ್ನು ಅಗಲಿದುದರ ಫಲವಿದು, ವಯಸ್ಸು ಮೀರಿದ ಮೇಲೆ ಚೆಲುವನ್ನು ಬಯಸಿದುದಕ್ಕೆ ದೊರೆತ ಶಿಕ್ಷೆಯಿದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ವೈದ್ಯರನ್ನು ಕೇಳಿದಾಗ, ಕಾಲ ಕಳೆದಂತೆ ಸರಿಹೋಗುವುದೆಂದರು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತೆಂದು ಮುಂದೆ ತಿಳಿಯಿತು. ಆದರೆ ಕಾಯುವ ಅವಧಿಯಲ್ಲಿ ಮಾಡಬೇಕಾದ ಆರೈಕೆಯನ್ನು ಅವರು ಹೇಳಲಿಲ್ಲ. ನಾಲ್ಕನೆಯ ತಿಂಗಳಿನಿಂದ ದೂರವಾಣಿಗೂ ಸಿಗಲಿಲ್ಲ. ನನ್ನದೂ ತಪ್ಪಿತ್ತು. ಎರಡೂ ಬದಿ ಒಂದೇ ಸಮನಾಗದಿರಬಹುದು, ಕಲೆ ದಪ್ಪವಾಗಬಹುದು ಎಂದು ಒಪ್ಪಿಗೆಪತ್ರದಲ್ಲಿ ಬರೆದಿದ್ದುದನ್ನು ಓದದೆಯೇ ಸಹಿ ಹಾಕಿದ್ದೆ.

ಒಂದು ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಶಿವದಾರವನ್ನು ಕೊರಳಿಗೆ ಹಾಕಿಕೊಳ್ಳುವಾಗ ಮುಖ ಕಿವಿಚಿದ್ದನ್ನು ಅತ್ತೆಯವರು ಕಂಡರು. ಬಾಗಿಲು ಮುಂದೆ ಮಾಡಿ ಬಂದು ಪಕ್ಕದಲ್ಲಿ ಕುಳಿತರು. ಅವರಿಗಾಗ 76 ವರ್ಷ. ಸುಳ್ಳು ಹೇಳುವ ಬಲ ನನ್ನಲ್ಲಿ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಬೈಗುಳವನ್ನೇ ನಿರೀಕ್ಷಿಸಿದ್ದೆ. ಅವರೆಂದರು: "ಲಿಂಗಪ್ಪ ಸೇಡು ತೀರಿಸಿಕೊಳ್ಳೋ ದೇವರಲ್ಲವ್ವ. ಡಾಕ್ಟರ ಕೈ ತಪ್ಪಿದ್ದಕ್ಕ ದೇವರನ್ಯಾಕ ಹಿಡಿತಿ? ಹೊಲಿಗಿ ಕೆಟ್ಟರ ಬಿಚ್ಚಿ ಹೊಲಸ್ತೀವಿಲ್ಲೋ?" ಅಂದೇ ದಾರವನ್ನು ತಮ್ಮ ಕೈಯಾರೆ ಗಿಡ್ಡ ಮಾಡಿ, ಕರಡಿಗೆ ಗಾಯದ ಮೇಲೆ ನಿಲ್ಲುವಂತೆ ಕಟ್ಟಿಕೊಟ್ಟರು, ಅಂದರೆ ಗಾಯಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ. ಉಜ್ಜುವಿಕೆ ನಿಂತಿತು.

ಅತ್ತೆಯವರ ಒತ್ತಾಯದಿಂದಲೇ ಮತ್ತೊಂದು ಊರಿನ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆ. ಅವರು ಎಂ.ಬಿ.ಬಿ.ಎಸ್., ಎಂ.ಎಸ್.ಗಳ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಪದವಿ ಪಡೆದವರು. ಆ ತಾಯಿ ಮೊದಲು ಕೇಳಿದ್ದು ಹಿಂದಿನ ಶಸ್ತ್ರಚಿಕಿತ್ಸೆಯ ಬರವಣಿಗೆಯನ್ನು. ತೊಟ್ಟಿಗೆ ರಕ್ತ ಹರಿದುಬರುವುದು ಮೊದಲ ವೈದ್ಯರು ಕತ್ತರಿಸದೆ ಉಳಿಸಿದ ಮಾಂಸಪಟ್ಟಿಯ ಮೂಲಕ. ಅದು ಮೇಲಿನದೋ ಕೆಳಗಿನದೋ ತಿಳಿಯದೆ ಎರಡನೆಯ ಸಲ ಅಲ್ಲೇ ಕತ್ತಿಯಾಡಿಸಿದರೆ ತೊಟ್ಟು ಸತ್ತುಹೋಗುವ ಅಪಾಯವುಂಟು ಎಂದು ಚಿತ್ರ ಬರೆದು ತೋರಿಸಿದರು.

ಹಳೆಯ ಆಸ್ಪತ್ರೆಯವರು ಕಡತ ಸಿಗುತ್ತಿಲ್ಲವೆಂದರು. ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು ಎಂಬುದು ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮ. ಪತಿಯವರು ಅದನ್ನು ನಮೂದಿಸಿ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದ ಮೇಲೆ ಕಡತ ದೊರೆಯಿತು. ಹಣ ಪಡೆದು ನೀಡುವ ವೈದ್ಯಸೇವೆಯೂ ಗ್ರಾಹಕ ರಕ್ಷಣಾ ಕಾನೂನಿಗೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿದೆ. ಆದರೆ ಫಲ ಚೆನ್ನಾಗಿ ಬರಲಿಲ್ಲವೆಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗದೆಂದು ವಕೀಲರು ತಿಳಿಸಿದ್ದರಿಂದ ನಾವು ವ್ಯಾಜ್ಯಕ್ಕೆ ಹೋಗಲಿಲ್ಲ.

ಕಡತ ಕೈಸೇರಿದರೂ ವೈದ್ಯೆ ಕೂಡಲೇ ಕತ್ತಿ ಹಿಡಿಯಲಿಲ್ಲ. ಅಂಗಾಂಶಗಳು ನೆಲೆಗೊಳ್ಳಲು ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಬೇಕು, ಕಲೆ ಮಾಗಲು ಒಂದೂವರೆ ವರ್ಷವೂ ಹಿಡಿಯಬಹುದು ಎಂದರು. ಉಬ್ಬಿದ ಕಲೆಗಳಿಗೆ ಪ್ರತಿದಿನ ಸಿಲಿಕೋನ್ ಹಾಳೆ ಅಂಟಿಸಿಕೊಳ್ಳಲು ಹೇಳಿ, ಸಕ್ಕರೆಯ ಪ್ರಮಾಣದ ಮೇಲೆ ಕಣ್ಣಿಟ್ಟು, ತಿಂಗಳಿಗೊಮ್ಮೆಯಂತೆ ನಾಲ್ಕು ಬಾರಿ ಕಲೆಯೊಳಕ್ಕೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ತುರಿಕೆ ನಿಂತು ಕಲೆ ಮೆತ್ತಗಾಯಿತು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ. ಉಳಿದೆರಡು ದೋಷಗಳಿಗಾಗಿ, ತೂಕ ಸ್ಥಿರವಾಗಿದೆಯೆಂದು ಖಚಿತಪಡಿಸಿಕೊಂಡು, ಸ್ತನಗಳ ಮ್ಯಾಮೊಗ್ರಾಂ ಪರೀಕ್ಷೆಯನ್ನೂ ಮಾಡಿಸಿ, 2020ರ ಜನವರಿಯಲ್ಲಿ ದಿನ ಗೊತ್ತುಮಾಡಿದರು.

ಈ ಸಲ ನಾನು ಬಾಯಿಬಿಟ್ಟು ಕೇಳಿದೆ: ಲಿಂಗವನ್ನು ಅಗಲದೆ ಇರಲು ಸಾಧ್ಯವೇ? ಅರಿವಳಿಕೆಯ ವೈದ್ಯರು ಒಂದು ಕ್ಷಣ ಯೋಚಿಸಿ ಒಪ್ಪಿದರು. ಬೆಳ್ಳಿಯ ಕರಡಿಗೆಯನ್ನು ಬಿಟ್ಟು, ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಸುತ್ತಿ ಮುಂಗೈಗೆ ಕಟ್ಟಿ, ಮೇಲೊಂದು ಪಟ್ಟಿ ಅಂಟಿಸಿದರು. ಕೇಳಿದ್ದರೆ ಮೊದಲ ಸಲವೂ ದೊರೆಯುತ್ತಿತ್ತೋ ಏನೋ; ನಾನು ಕೇಳಿರಲೇ ಇಲ್ಲ.

ಎಡಭಾಗವನ್ನು ಮೇಲಕ್ಕೆತ್ತಿ, ಬಲಗಡೆಯ ವರ್ತುಲವನ್ನು ಕಿರಿದುಗೊಳಿಸಿ, ಮತ್ತೆ ಹಿಗ್ಗದಂತೆ ಒಳಗೆ ಕರಗದ ದಾರದಿಂದ ಸುತ್ತು ಹೊಲಿಗೆ ಹಾಕಿದರು. ಎರಡು ಸ್ತನಗಳು ಅಕ್ಕತಂಗಿಯರಂತೆ ಇದ್ದಾವೇ ಹೊರತು ಅವಳಿಗಳಂತೆ ಇರಲಾರವೆಂದು ಮೊದಲೇ ಹೇಳಿದ್ದರು; ಹಾಗೆಯೇ ಆಗಿದೆ. ಸಣ್ಣ ವ್ಯತ್ಯಾಸ ಈಗಲೂ ಇದೆ, ಬಿಳಿಚಿದ ಗೆರೆಗಳೂ ಇವೆ. ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಎರಡು ಬಳೆಗಳನ್ನು ಮಾರಿದೆವು.

ಸೋದರಿಯರೇ, ಇಂತಹ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳಿರೆಂದಾಗಲಿ ಬೇಡವೆಂದಾಗಲಿ ನಾನು ಹೇಳುತ್ತಿಲ್ಲ. ಶರೀರವನ್ನು ದೇವನ ನೆಲೆಯೆಂದು ಕಂಡ ಶರಣರ ಪರಂಪರೆ ನಮ್ಮದು. ಆ ನೆಲೆಗೆ ಪೆಟ್ಟಾದಾಗ ಪಾಪವೆಂದು ಮುಚ್ಚಿಡುವುದು ಭಕ್ತಿಯಾಗಲಾರದು. ನಾನು ಒಂದು ವರ್ಷ ಮೌನದಲ್ಲಿ ಬೆಂದೆ. ಆ ವರ್ಷದಲ್ಲಿ ಆರೈಕೆ ದೊರೆತಿದ್ದರೆ ಕಲೆ ಅಷ್ಟು ಬಲಿಯುತ್ತಿರಲಿಲ್ಲ.

ಅತ್ತೆಯವರು ಲಿಂಗೈಕ್ಯರಾಗಿ ಈಗ ಎರಡು ವರ್ಷ. ಗಾಯ ಮಾಗಿದ ಮೇಲೆ ದಾರವನ್ನು ಮತ್ತೆ ಉದ್ದ ಮಾಡಬಹುದಾಗಿತ್ತು. ಅವರು ಕಟ್ಟಿದ ಗಂಟನ್ನು ಬಿಚ್ಚಲು ಮನಸ್ಸಾಗಲಿಲ್ಲ. ಕರಡಿಗೆ ಈಗಲೂ ನಾಲ್ಕು ಬೆರಳು ಮೇಲೆಯೇ ಇದೆ.