ನಾನು ಕೇಳದೆ ಬಿಟ್ಟ ಮಾತು

ಮನುಷ್ಯನು ಅಳಿದ ಮೇಲೆ ಅವನ ಭಾವಚಿತ್ರವು ಗೋಡೆಯ ಮೇಲೆ ಉಳಿಯುತ್ತದೆ. ಅವನ ಕೈಬರಹವು ಹಳೆಯ ಕಾಗದಗಳಲ್ಲಿ ಉಳಿಯುತ್ತದೆ. ಧ್ವನಿಯಾದರೋ, ಯಾರಾದರೂ ಹಿಡಿದಿಡದಿದ್ದರೆ, ಅವನೊಡನೆಯೇ ಹೊರಟುಹೋಗುತ್ತದೆ. ಈ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ನನ್ನಿಂದ ಸಂಪಾದಕ ಮಂಡಳಿಯವರು ಒಂದು ಲೇಖನವನ್ನು ಬಯಸಿದಾಗ, ನನ್ನ ಸಾಧನೆಯೆಂದು ಹೇಳಿಕೊಳ್ಳುವಂಥದೇನೂ ತೋರಲಿಲ್ಲ. ಧ್ವನಿಯ ವಿಷಯದಲ್ಲಿ ನನ್ನಿಂದಾದ ಒಂದು ತಪ್ಪು ಮಾತ್ರ ನೆನಪಿಗೆ ಬಂದಿತು. ವಿದ್ಯಾರ್ಥಿಗಳಿಗೆ ಅದರಿಂದ ಪ್ರಯೋಜನವಾದೀತೆಂಬ ನಂಬಿಕೆಯಿಂದ ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ನನ್ನ ಹುಟ್ಟೂರು ಪಂಜ. ಬಯಲುಸೀಮೆಯ ಓದುಗರಿಗೆ ಈ ಹೆಸರು ಅಪರಿಚಿತವಾಗಿರಬಹುದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಸುಬ್ರಹ್ಮಣ್ಯಕ್ಕೆ ಸಮೀಪವಾಗಿ, ಘಟ್ಟದ ತಪ್ಪಲಿನ ಅಡಿಕೆ ತೋಟಗಳ ನಡುವೆ ಇರುವ ಊರು ಅದು. ಪಂಚಲಿಂಗೇಶ್ವರ ದೇವಾಲಯವು ಅದರ ಹೆಗ್ಗುರುತು. ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲೆಯಾಳ ಎಲ್ಲವೂ ಅಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ತುಳುವರ ಪಾಡ್ದನಗಳಲ್ಲಿಯೂ ಪಂಜಕ್ಕೆ ಸ್ಥಾನವುಂಟು. ಪಡುಮಲೆಯನ್ನು ತೊರೆದ ಅವಳಿ ವೀರರಾದ ಕೋಟಿ ಚೆನ್ನಯರು ತಮ್ಮ ಅಕ್ಕ ಕಿನ್ನಿದಾರುವನ್ನು ಕಂಡದ್ದು ಪಂಜದಲ್ಲಿ. ಅಲ್ಲಿನ ಬಲ್ಲಾಳನ ಸೆರೆಯಿಂದ ಪಾರಾಗಿ ಅವರು ಸೇರಿದ್ದು ನೆರೆಯ ಎಣ್ಮೂರನ್ನು. ನೇಜಿ ನೆಡುವ ಹೆಂಗಸರು ಬಾಗಿದ ಬೆನ್ನಿನಲ್ಲಿಯೇ ಈ ಕಥೆಯನ್ನು ಹಾಡುತ್ತಿದ್ದುದನ್ನು ಕೇಳುತ್ತ ನಾನು ಬೆಳೆದೆನು.

ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದುದು 1976ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ನಮ್ಮ ಮನೆಯ ರೇಡಿಯೋದಲ್ಲಿ ಕೇಳುತ್ತಿದ್ದುದು ಧಾರವಾಡದ, ಬೆಂಗಳೂರಿನ ಕನ್ನಡ. ಒಂದು ಸಂಜೆ ಮಂಗಳೂರು ಕೇಂದ್ರದಿಂದ ದೋಣಿ ನಡೆಸುವವರೊಬ್ಬರ ಮಾತು ಕೇಳಿಬಂದಿತು. ಹುಟ್ಟು ನೀರಿಗೆ ಬೀಳುವ ಸದ್ದು, ಆಚೆ ದಡದಿಂದ ಯಾರೋ ಕೂಗುವ ಕೂಗು, ನಡುನಡುವೆ ಅವರ ಕೆಮ್ಮು. ಹತ್ತು ಹದಿನೈದು ನಿಮಿಷಗಳಲ್ಲಿ ಒಂದು ಬದುಕೇ ಕಣ್ಣ ಮುಂದೆ ಹಾದುಹೋಯಿತು. ನನ್ನ ತಂದೆಯವರು ಅಡಿಕೆ ಹೆಕ್ಕುವುದನ್ನು ಬಿಟ್ಟು, "ಇವ ನಮ್ಮ ಹಾಗೆಯೇ ಮಾತಾಡ್ತಾನಲ್ಲ!" ಎಂದು ಬೆರಗಾದರು. ರೇಡಿಯೋದಲ್ಲಿ ಮಾತನಾಡುವವರು ಬೇರೆಯೇ ಜನ ಎಂಬ ಭಾವನೆ ಅಂದು ನಮ್ಮ ಮನೆಯಲ್ಲಿ ಅಳಿಯಿತು.

ಇಂಥ ಕಾರ್ಯಕ್ರಮವನ್ನು ರೂಪಕವೆಂದೂ ಧ್ವನಿಚಿತ್ರವೆಂದೂ ಕರೆಯುವುದುಂಟು. ಇದರಲ್ಲಿ ಬರೆದ ಸಂಭಾಷಣೆಯಿಲ್ಲ, ನಟರಿಲ್ಲ. ಬದುಕಿದವರೇ ತಮ್ಮ ಬದುಕನ್ನು ಹೇಳುತ್ತಾರೆ. ಇಂಗ್ಲೆಂಡಿನಲ್ಲಿಯೂ ಇದು ಒಮ್ಮೆಗೇ ಸಿದ್ಧಿಸಿದ್ದಲ್ಲ. ಜಾನ್ ಆಕ್ಸನ್ ಎಂಬ ರೈಲು ಚಾಲಕನು 1957ರಲ್ಲಿ, ತಡೆ ಕೆಟ್ಟು ಇಳಿಜಾರಿನಲ್ಲಿ ಧಾವಿಸುತ್ತಿದ್ದ ಗಾಡಿಯಿಂದ ಹಾರದೆ ಅದರಲ್ಲಿಯೇ ನಿಂತು ಪ್ರಾಣ ತೆತ್ತನು. ಅವನ ಕಥೆಯನ್ನು ಬಾನುಲಿಗೆ ಅಳವಡಿಸಲು ಹೊರಟ ಚಾರ್ಲ್ಸ್ ಪಾರ್ಕರ್ ಮತ್ತು ಯುವನ್ ಮೆಕಾಲ್ ಅವರು ರೈಲ್ವೆ ಕೆಲಸಗಾರರ ಮಾತುಗಳನ್ನು ಧ್ವನಿಮುದ್ರಿಸಿ ತಂದರು. ಅಂಥ ಮಾತುಗಳನ್ನು ಬರೆದುಕೊಂಡು ನಟರಿಂದ ಹೇಳಿಸುವುದು ಆಗಿನ ರೂಢಿ. ಆದರೆ ಮುದ್ರಿಕೆಯನ್ನು ಕೇಳಿದಾಗ ಯಾವ ನಟನೂ ಆ ಧ್ವನಿಗಳಿಗೆ ಸಾಟಿಯಾಗಲಾರನೆಂದು ಅವರಿಗೆ ಮನವರಿಕೆಯಾಯಿತು. 1958ರಲ್ಲಿ ಬಿಬಿಸಿಯಿಂದ ಪ್ರಸಾರವಾದುದು ಕೆಲಸಗಾರರ ಸ್ವಂತ ಧ್ವನಿಯೇ.

ಈ ವಿವೇಕವು ನನಗೆ 1984ರಲ್ಲಿ ಇರಲಿಲ್ಲ. ಆ ವರ್ಷ ಬೇಸಗೆಯ ರಜೆಗೆ ಊರಿಗೆ ಹೋಗುವಾಗ, ಸಂಬಳದಲ್ಲಿ ಉಳಿಸಿ ಕೊಂಡ ಟೇಪ್ ರೆಕಾರ್ಡರನ್ನು ಹೆಗಲಿಗೆ ತೂಗಿಕೊಂಡು ಹೋದೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರಿಗೆ ಕೋಟಿ ಚೆನ್ನಯರ ಪಾಡ್ದನವು ಕಂಠಸ್ಥವಾಗಿತ್ತು. ಅದನ್ನು ಆದ್ಯಂತವಾಗಿ ಸಂಗ್ರಹಿಸುವುದು ನನ್ನ ಹಂಬಲ. ಅವರು ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದರು. ಸದ್ದು ಸೇರಬಾರದೆಂದು ನಾನು ಸುಲಿಯುವುದನ್ನು ನಿಲ್ಲಿಸಲು ಹೇಳಿದೆ. ಕೈ ನಿಂತೊಡನೆ ಹಾಡು ತಡವರಿಸಿತು. "ಕೈಗೆ ಕೆಲಸ ಇಲ್ಲದಿದ್ದರೆ ಬಾಯಿಗೆ ಬರುವುದಿಲ್ಲ ಮಾಷ್ಟ್ರೇ," ಎಂದರು. ಆ ಮಾತಿನ ಅರ್ಥವೂ ನನಗೆ ಅಂದು ಹೊಳೆಯಲಿಲ್ಲ.

ಹೇಗೋ ಹಾಡು ಸಾಗಿತು. ಅಪರಿಚಿತರಂತೆ ಬಂದ ತಮ್ಮಂದಿರನ್ನು ಅಕ್ಕನು ಗುರುತಿಸುವ ಸಂದರ್ಭಕ್ಕೆ ಬಂದಾಗ ಅಜ್ಜಿಯ ಕಂಠವು ತುಂಬಿ ಬಂದಿತು. ಹಾಡನ್ನು ನಿಲ್ಲಿಸಿ ತುಳುವಿನಲ್ಲಿಯೇ ಹೇಳತೊಡಗಿದರು: "ಕಿನ್ನಿದಾರುವಿನ ಹಾಗೆ ನಾನೂ ಬೇರೆ ಊರಿನಿಂದ ಈ ಪಂಜಕ್ಕೆ ಬಂದವಳೇ ಮಾಷ್ಟ್ರೇ. ನನ್ನನ್ನು ಹುಡುಕಿಕೊಂಡು ಮಾತ್ರ..."

ನಾನು ಗುಂಡಿಯನ್ನು ಒತ್ತಿ ಯಂತ್ರವನ್ನು ನಿಲ್ಲಿಸಿದೆ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಇದ್ದುದು ಮೂವತ್ತೇ ನಿಮಿಷ. ನನಗೆ ಬೇಕಾಗಿದ್ದುದು ಪಾಡ್ದನ. ಅಜ್ಜಿಯವರು ಇನ್ನೂ ಸ್ವಲ್ಪ ಹೊತ್ತು ಮಾತನಾಡಿದರು. ನಾನು ತಲೆಯಾಡಿಸುತ್ತ ಕುಳಿತಿದ್ದೆನೇ ಹೊರತು ಕೇಳಿಸಿಕೊಳ್ಳಲಿಲ್ಲ. ಅವರು ಮತ್ತೆ ಹಾಡತೊಡಗಿದಾಗ ಯಂತ್ರವನ್ನು ಮತ್ತೆ ನಡೆಸಿದೆ.

ಅಜ್ಜಿಯವರು ತೀರಿಕೊಂಡು ಎಷ್ಟೋ ವರ್ಷಗಳಾದುವು. ನಿವೃತ್ತನಾಗಿ ಊರಿಗೆ ಮರಳಿದ ಮೇಲೆ, ಒಂದು ದಿನ ಅವರ ಮೊಮ್ಮಗಳು ಮನೆಗೆ ಬಂದಳು. "ನಮ್ಮ ಅಜ್ಜಿಯ ಸ್ವರ ನಿಮ್ಮಲ್ಲಿ ಉಂಟಂತೆ ಮಾಷ್ಟ್ರೇ?" ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಕ್ಯಾಸೆಟ್ಟನ್ನು ಹಾಕಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಹಾಡು ನಿಂತು ಮಾತು ತೊಡಗಿದಾಗ ಥಟ್ಟನೆ ಮುಂದಕ್ಕೆ ಬಾಗಿದಳು. "ನನ್ನನ್ನು ಹುಡುಕಿಕೊಂಡು ಮಾತ್ರ..." ಎಂಬಲ್ಲಿಗೆ ಟಕ್ಕೆಂದು ಸದ್ದಾಗಿ, ಮತ್ತೆ ಕೋಟಿ ಚೆನ್ನಯರ ಕಥೆ.

"ಅಜ್ಜಿ ಮುಂದೆ ಏನು ಹೇಳಿದರು?"

ನನಗೆ ನೆನಪಿಲ್ಲವೆಂದು ಹೇಳಬೇಕಾಯಿತು. ಅವಳು ನನ್ನನ್ನು ಆಕ್ಷೇಪಿಸಲಿಲ್ಲ. ಆ ಎರಡು ವಾಕ್ಯಗಳನ್ನು ಮಾತ್ರ ಇನ್ನೊಮ್ಮೆ ಹಾಕಲು ಹೇಳಿದಳು. ಹೀಗೆ ನಾಲ್ಕು ಬಾರಿ ಕೇಳಿದಳು. ಕೋಟಿ ಚೆನ್ನಯರ ಕಥೆಯನ್ನು ಪಂಜೆ ಮಂಗೇಶರಾಯರು ಬಹು ಹಿಂದೆಯೇ ಕನ್ನಡದಲ್ಲಿ ಬರೆದಿದ್ದಾರೆ. ವಿದ್ವಾಂಸರು ಪಾಡ್ದನದ ಪಾಠಗಳನ್ನು ಅಚ್ಚು ಮಾಡಿಸಿದ್ದಾರೆ. ಆ ಅಜ್ಜಿಯ ಕಥೆಯನ್ನು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು, ಮತ್ತು ಅವರು ಅದನ್ನು ನನಗೆ ಹೇಳಲು ತೊಡಗಿದ್ದರು.

ಹೇಗೆ ಕೇಳಬೇಕೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ, 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಕುಳಿತು ದಾಖಲಿಸಿದರು. 15,683 ಸಾಲುಗಳ ಆ ಕಾವ್ಯವು 1998ರಲ್ಲಿ ಪ್ರಕಟವಾಯಿತು. ಅವರು ಕಾವ್ಯವನ್ನು ಮಾತ್ರ ಕೇಳಲಿಲ್ಲ. ಹಾಡುವವರ ಬದುಕನ್ನು, ಅವರು ಕಲಿತ ಬಗೆಯನ್ನು ಅಷ್ಟೇ ಆದರದಿಂದ ಕೇಳಿದರು.

ಇಂದು ದಾಖಲೆಯ ಸಾಧನಗಳಿಗೆ ಕೊರತೆಯಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು 2003ರಲ್ಲಿ, ಬಾನುಲಿಯ ಪರವಾನಗಿ ಹಳ್ಳಿಗರಿಗೆ ದೊರೆಯದಿದ್ದ ಕಾಲದಲ್ಲಿ, ತಂತಿಯ ಮೂಲಕವೇ ಮನೆಮನೆಗೆ ಹಳ್ಳಿಗರ ಮಾತನ್ನು ಮುಟ್ಟಿಸಿದರು. 2006ರಲ್ಲಿ ಸರಕಾರವು ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅವಕಾಶವಿತ್ತಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ 'ಸಾರಂಗ್' ಅಂಥದೊಂದು ಕೇಂದ್ರ. ಇನ್ನು ಕಿಸೆಯ ಮೊಬೈಲು ಗಂಟೆಗಟ್ಟಲೆ ಮಾತನ್ನು ಹಿಡಿಯಬಲ್ಲದು. ನನ್ನ ಕಾಲದ ಮೂವತ್ತು ನಿಮಿಷದ ನೆಪವು ಇಂದಿನವರಿಗಿಲ್ಲ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಸುಕಿನಲ್ಲೆದ್ದು ನಿಮಗಾಗಿ ರೊಟ್ಟಿ ತಟ್ಟುವವರಿದ್ದಾರೆ, ಗಂಟೆ ಬಾರಿಸುವವರಿದ್ದಾರೆ, ಮನೆಯಲ್ಲಿ ಅಜ್ಜ ಅಜ್ಜಿಯರಿದ್ದಾರೆ. ಅವರ ಅನುಮತಿ ಪಡೆದು ಬಳಿಯಲ್ಲಿ ಕುಳಿತುಕೊಳ್ಳಿರಿ. "ನಿಮ್ಮ ಜೀವನದ ಬಗ್ಗೆ ಹೇಳಿ" ಎಂದರೆ ಯಾರಿಗೂ ಮಾತು ಹೊರಡದು, "ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತೀರಿ?" ಎಂದು ಕೇಳಿರಿ. ಕೈಯ ಕೆಲಸವನ್ನು ನಿಲ್ಲಿಸಲು ಹೇಳದಿರಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮುಖ್ಯವಾದ ಮಾತು ಬಹುಮಟ್ಟಿಗೆ ಮೌನದ ಬಳಿಕವೇ ಬರುತ್ತದೆ. ಅನಂತರ ಹತ್ತು ನಿಮಿಷಕ್ಕೆ ಇಳಿಸುವುದು ಕತ್ತರಿಯ ಕೆಲಸ. ಮೂಲ ಮುದ್ರಿಕೆಯನ್ನು ಮಾತ್ರ ಅಳಿಸದಿರಿ.

ಆ ಮೊಮ್ಮಗಳು ಹೋದ ತಿಂಗಳು ತನ್ನ ತಾಯಿಯ ಮಾತನ್ನು ಮುದ್ರಿಸಿ ನನಗೆ ಕಳುಹಿಸಿದಳು. ಆರಂಭದಲ್ಲಿಯೇ ಅಡಿಕೆ ಸುಲಿಯುವ ಸದ್ದು ಕೇಳುತ್ತದೆ. ಅವಳು ಅದನ್ನು ನಿಲ್ಲಿಸಲಿಲ್ಲ. ಅಜ್ಜಿಯು ಯಾವ ಊರಿನಿಂದ ಪಂಜಕ್ಕೆ ಬಂದವರೆಂದು ಮಗಳು ಕೇಳಿದಾಗ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಹೇಳಿದ್ದಿಲ್ಲ ಮಗಾ," ಎನ್ನುತ್ತಾರೆ.